ನಿಡಘಟ್ಟ–ಮದ್ದೂರು ಹೆದ್ದಾರಿಯ ಉಪಾಹಾರಗೃಹಗಳು

ನಿಡಘಟ್ಟವು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಒಂದು ಗ್ರಾಮ. ಇದು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಚನ್ನಪಟ್ಟಣಕ್ಕೂ ಮದ್ದೂರಿಗೂ ನಡುವೆ ಇದೆ. ಕರಾವಳಿಯ ಹೋಟೆಲುಗಳಿಗೆ ಕಡಲ ದಂಡೆಯು ಗಿರಾಕಿಗಳನ್ನು ಕರೆತರುವಂತೆ ಈ ಭಾಗದ ಉಪಾಹಾರಗೃಹಗಳಿಗೆ ರಸ್ತೆಯೇ ಆಧಾರವಾಗಿದೆ.

ಇಲ್ಲಿಯ ಹೆಸರಾಂತ ತಿನಿಸು ಮದ್ದೂರು ವಡೆ. ಅಕ್ಕಿಹಿಟ್ಟು, ಮೈದಾ, ರವೆಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಸೇರಿಸಿ, ಕಾದ ಎಣ್ಣೆ ಬೆರೆಸಿ ಗಟ್ಟಿಯಾಗಿ ಕಲಸಿ, ತೆಳ್ಳಗೆ ತಟ್ಟಿ ಕರಿಯುತ್ತಾರೆ. ಉದ್ದಿನ ವಡೆಯಂತೆ ನೆನೆಸಿ ರುಬ್ಬುವ ಕೆಲಸವಿಲ್ಲ. ಆರಿದ ಮೇಲೂ ಗರಿಗರಿಯಾಗಿರುವುದರಿಂದ ಪ್ರಯಾಣದ ಬುತ್ತಿಗೆ ಹೇಳಿ ಮಾಡಿಸಿದಂತಿದೆ. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಎಂಬವರು ಇದನ್ನು ಮೊದಲು ಮಾಡಿದರೆಂದು ಪ್ರತೀತಿ. ಬಿಸಿಯಾಗಿ, ಕಾಯಿಚಟ್ನಿಯೊಡನೆ ತಿಂದರೆ ಮಾತ್ರ ಇದರ ನಿಜವಾದ ರುಚಿ ತಿಳಿಯುತ್ತದೆ.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ದಶಪಥ ಹೆದ್ದಾರಿಯ ಕಾಮಗಾರಿಯು ಎರಡು ಹಂತಗಳಲ್ಲಿ ನಡೆಯಿತು. ಆ ಹಂತಗಳು ಕೂಡುವುದು ನಿಡಘಟ್ಟದಲ್ಲಿಯೇ. ಚನ್ನಪಟ್ಟಣ, ಮಂಡ್ಯ ಪಟ್ಟಣಗಳ ಹೊರಗೆ ಬೈಪಾಸ್‌ಗಳಾದವು. ಪ್ರಯಾಣದ ಅವಧಿ ತಗ್ಗಿತು, ಆದರೆ ಸರ್ವಿಸ್ ರಸ್ತೆಗೆ ಇಳಿಯದ ಕಾರುಗಳಿಗೆ ಹಳೆಯ ಹೋಟೆಲುಗಳು ಎದುರಾಗುವುದೇ ಇಲ್ಲ. ವ್ಯಾಪಾರ ಕುಗ್ಗಿತೆಂಬುದು ಮಾಲೀಕರ ಅಳಲು, ಅದು ನ್ಯಾಯವಾದದ್ದೇ. 2023ರ ಆಗಸ್ಟ್ 1ರಿಂದ ಮುಖ್ಯ ಪಥಗಳಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಲಾಯಿತು. ಅವು ಈಗಲೂ ಸರ್ವಿಸ್ ರಸ್ತೆಯಲ್ಲಿ, ಹೋಟೆಲುಗಳ ಮುಂದೆಯೇ ಸಾಗುತ್ತವೆ.