ವಿಕಿರಣ ಚಿಕಿತ್ಸೆಯಲ್ಲಿ ಆರೋಗ್ಯವಂತ ಅಂಗಾಂಶಗಳ ರಕ್ಷಣೆ

ಕ್ಯಾನ್ಸರ್ ಗಡ್ಡೆಯನ್ನು ನಾಶಪಡಿಸಲು ಹಾಯಿಸುವ ಕಿರಣಗಳು ಸುತ್ತಲಿನ ಆರೋಗ್ಯವಂತ ಭಾಗಗಳಿಗೂ ಹಾನಿಯುಂಟುಮಾಡುತ್ತವೆ. ಈ ಹಾನಿಯನ್ನು ತಗ್ಗಿಸಲು ಕೈಗೊಳ್ಳುವ ಕ್ರಮಗಳನ್ನು ಒಟ್ಟಾಗಿ ಅಂಗಾಂಶ ರಕ್ಷಣೆ ಎನ್ನಲಾಗುತ್ತದೆ. ವಿಕಿರಣ ಚಿಕಿತ್ಸೆಯನ್ನು ಜನರು ಆಡುಮಾತಿನಲ್ಲಿ ‘ಕರೆಂಟ್ ಕೊಡಿಸುವುದು’ ಎಂದು ಕರೆಯುವುದುಂಟು. ಆದರೆ ರೋಗಿಯ ಮೈಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಬೇಡಕಿಹಾಳ, ನಿಪ್ಪಾಣಿ ಸುತ್ತಲಿನ ಸೀಮೆ ತಂಬಾಕಿನ ಬೆಳೆಗೆ ಹೆಸರಾದುದು. ತಂಬಾಕು ಅಗಿಯುವುದು ಬಾಯಿಯ ಕ್ಯಾನ್ಸರಿಗೆ ಮುಖ್ಯ ಕಾರಣವಾದುದರಿಂದ, ಇಲ್ಲಿನ ಓದುಗರಿಗೆ ಹತ್ತಿರವಾದ ಬಾಯಿ ಮತ್ತು ಗಂಟಲಿನ ಚಿಕಿತ್ಸೆಯನ್ನೇ ಮುಖ್ಯ ಉದಾಹರಣೆಯಾಗಿ ಇಲ್ಲಿ ವಿವರಿಸಲಾಗಿದೆ.

ಹಾನಿ ಮತ್ತು ದುರಸ್ತಿ

ಕಿರಣಗಳು ಜೀವಕೋಶದೊಳಗಿನ ನೀರಿನ ಅಣುಗಳನ್ನು ಒಡೆದು, ಮುಕ್ತ ರ‍್ಯಾಡಿಕಲ್‌ಗಳೆಂಬ ಉಗ್ರ ಕಣಗಳನ್ನು ಹುಟ್ಟಿಸುತ್ತವೆ. ಇವು ಡಿಎನ್‌ಎ ಎಳೆಗಳನ್ನು ಕಡಿಯುತ್ತವೆ. ಆರೋಗ್ಯವಂತ ಕೋಶಗಳು ಈ ಗಾಯವನ್ನು ಕೆಲವು ಗಂಟೆಗಳಲ್ಲಿ ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತವೆ. ಗಡ್ಡೆಯ ಕೋಶಗಳಿಗೆ ಆ ಶಕ್ತಿ ಸಾಮಾನ್ಯವಾಗಿ ಕಡಿಮೆ. ಆದುದರಿಂದಲೇ ಇಡೀ ಪ್ರಮಾಣವನ್ನು ಒಮ್ಮೆಗೇ ಕೊಡದೆ, ದಿನಕ್ಕೆ ಸುಮಾರು 2 ಗ್ರೇಯಂತೆ ವಾರಕ್ಕೆ 5 ದಿನ, 6ರಿಂದ 7 ವಾರಗಳವರೆಗೆ ಹಂಚಿ, ಒಟ್ಟು 60ರಿಂದ 70 ಗ್ರೇ ಕೊಡುವುದು ಬಾಯಿ–ಗಂಟಲಿನ ಕ್ಯಾನ್ಸರಿನಲ್ಲಿ ರೂಢಿ.

ದೂರದ ಊರಿನ ರೋಗಿಗಳು ಬಾಯಿಹುಣ್ಣಿನ ನೋವಿನಿಂದಲೋ, ಓಡಾಟದ ಖರ್ಚಿನಿಂದಲೋ ನಡುವೆ ಕೆಲವು ದಿನ ಬಿಡುವುದುಂಟು. ಆ ಬಿಡುವಿನಲ್ಲಿ ಉಳಿದ ಗಡ್ಡೆಯ ಕೋಶಗಳು ಮತ್ತೆ ವೃದ್ಧಿಸುತ್ತವೆ. ಹೀಗಾಗಿ ನೋವು ತಾಳಲಾಗದಿದ್ದಾಗ ಚಿಕಿತ್ಸೆ ನಿಲ್ಲಿಸುವುದಕ್ಕಿಂತ ವೈದ್ಯರಿಗೆ ತಿಳಿಸಿ ನೋವಿಗೆ ಔಷಧ ಪಡೆಯುವುದು ಮೇಲು.

ಗುರಿಯ ನಿಖರತೆ

ಇಂದು ರಕ್ಷಣೆಯ ದೊಡ್ಡ ಪಾಲು ಯಂತ್ರದಿಂದಲೇ ದೊರೆಯುತ್ತದೆ. ಮುಖಕ್ಕೆ ಅಚ್ಚು ಹಾಕಿದ ಪ್ಲಾಸ್ಟಿಕ್ ಮುಖವಾಡ ತಲೆ ಅಲುಗದಂತೆ ಹಿಡಿಯುತ್ತದೆ. ಯಂತ್ರದ ಬಾಯಲ್ಲಿರುವ ಲೋಹದ ಪಟ್ಟಿಗಳು ಸರಿದು ಕಿರಣಪುಂಜಕ್ಕೆ ಗಡ್ಡೆಯ ಆಕಾರ ಕೊಡುತ್ತವೆ. ಐಎಂಆರ್‌ಟಿ ಎಂಬ ಈ ವಿಧಾನವನ್ನು ಹಳೆಯ ವಿಧಾನದೊಡನೆ ಹೋಲಿಸಿದ ಬ್ರಿಟನ್ನಿನ ಪಾರ್‌ಸ್ಪೋರ್ಟ್ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಮಧ್ಯಮ ಅಥವಾ ಅದಕ್ಕಿಂತ ಹೆಚ್ಚಿನ ಮಟ್ಟದ ಬಾಯಿ ಒಣಗುವಿಕೆ ಹಳೆಯ ವಿಧಾನದಲ್ಲಿ ಶೇ. 74 ಮಂದಿಯಲ್ಲಿದ್ದರೆ, ಐಎಂಆರ್‌ಟಿಯಲ್ಲಿ ಶೇ. 38 ಮಂದಿಯಲ್ಲಿತ್ತು. ಕಿವಿಯ ಬಳಿಯ ಜೊಲ್ಲುಗ್ರಂಥಿಗೆ ಕಿರಣ ಕಡಿಮೆ ತಾಗಿದ್ದೇ ಇದಕ್ಕೆ ಕಾರಣ. ಒಣರೊಟ್ಟಿ ನುಂಗಲಾಗದ ರೋಗಿಗೆ ಈ ಅಂತರ ಸಣ್ಣದಲ್ಲ.

ರಕ್ಷಕ ಔಷಧಗಳು

ಅಮೆರಿಕದ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಅಮಿಫೋಸ್ಟಿನ್, ಮುಕ್ತ ರ‍್ಯಾಡಿಕಲ್‌ಗಳನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಬಾಯಿ ಒಣಗುವುದನ್ನು ತಗ್ಗಿಸಲು ಅಲ್ಲಿ 1999ರಲ್ಲಿ ಇದಕ್ಕೆ ಅನುಮತಿ ದೊರೆಯಿತು. ವಾಂತಿ ಮತ್ತು ರಕ್ತದೊತ್ತಡದ ಕುಸಿತದಿಂದಾಗಿ ಇದರ ಬಳಕೆ ಸೀಮಿತವಾಗಿದೆ.

ಕರ್ನಾಟಕದಲ್ಲಿ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಪಿ. ಉಮಾ ದೇವಿ ಮತ್ತು ಸಂಗಡಿಗರು 1990ರ ದಶಕದಲ್ಲಿ ತುಳಸಿ ಎಲೆಯ ಸಾರವನ್ನು ಪರೀಕ್ಷಿಸಿದರು. ಗಾಮಾ ಕಿರಣಕ್ಕೆ ಮುನ್ನ ಸಾರವನ್ನು ಚುಚ್ಚಿದ ಇಲಿಗಳು ಹೆಚ್ಚು ಸಂಖ್ಯೆಯಲ್ಲಿ ಬದುಕುಳಿದವು. ತುಳಸಿಯಲ್ಲಿನ ಓರಿಯೆಂಟಿನ್, ವೈಸೆನಿನ್ ಎಂಬ ಘಟಕಗಳಲ್ಲಿಯೂ ರಕ್ಷಣೆಯ ಗುಣ ಕಂಡುಬಂತು. ಇವು ಮಹತ್ವದ ಫಲಿತಾಂಶಗಳೇ ಹೌದು. ಆದರೆ ಇಲಿಗೆ ಚುಚ್ಚಿದ ಅಳತೆಯ ಸಾರವೂ ಮನೆಯ ತುಳಸಿ ಕಷಾಯವೂ ಒಂದೇ ಅಲ್ಲ.

ರಕ್ಷಕ ಪದಾರ್ಥವು ಗಡ್ಡೆಯನ್ನೂ ಕಾಪಾಡಿಬಿಟ್ಟರೆ ಚಿಕಿತ್ಸೆಯ ಉದ್ದೇಶವೇ ಕೆಡುತ್ತದೆ. ಈ ಭಯ ಕಲ್ಪನೆಯದಲ್ಲ. ಕೆನಡಾದಲ್ಲಿ ತಲೆ–ಕುತ್ತಿಗೆ ಕ್ಯಾನ್ಸರಿನ 540 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಟಮಿನ್ ಇ ಮತ್ತು ಬೀಟಾ ಕ್ಯಾರೊಟಿನ್ ಪಡೆದವರಿಗೆ ಅಡ್ಡಪರಿಣಾಮ ತಗ್ಗಿತಾದರೂ, ರೋಗ ಮರುಕಳಿಸುವ ಪ್ರವೃತ್ತಿ ಹೆಚ್ಚಿದಂತೆ ಕಂಡಿತು. ಆದುದರಿಂದ ಚಿಕಿತ್ಸೆಯ ಅವಧಿಯಲ್ಲಿ ಸೇವಿಸುವ ಕಷಾಯ, ಪುಡಿ, ವಿಟಮಿನ್ ಮಾತ್ರೆಗಳ ಸಂಗತಿಯನ್ನು ವೈದ್ಯರಿಂದ ಮುಚ್ಚಿಡಬಾರದು.

ಹಲ್ಲಿನ ಆರೈಕೆ

ಕಿರಣ ತಾಗಿದ ದವಡೆಯೆಲುಬಿಗೆ ರಕ್ತದ ಪೂರೈಕೆ ಕುಗ್ಗುವುದರಿಂದ ಅಲ್ಲಿನ ಗಾಯ ಸುಲಭವಾಗಿ ಮಾಯುವುದಿಲ್ಲ. ಉಳಿಸಲಾಗದ ಹಲ್ಲುಗಳನ್ನು ಚಿಕಿತ್ಸೆಗೆ ಮುಂಚೆಯೇ ಕೀಳಿಸಿ, ಗಾಯ ಮಾಯಲು ಸಮಯ ಕೊಡುತ್ತಾರೆ. ಚಿಕಿತ್ಸೆ ಮುಗಿದು ವರ್ಷಗಳೇ ಕಳೆದಿದ್ದರೂ, ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಹಿಂದೆ ವಿಕಿರಣ ಪಡೆದ ವಿಷಯವನ್ನು ತಿಳಿಸಬೇಕು.