ಕಥೆ ಬೇಡ, ಯಾಕೆ ಅಂತ ಹೇಳಿ
ಜಯನಗರದಲ್ಲಿ ಡಿಗ್ರಿ ಮಕ್ಕಳಿಗೆ ಕನ್ನಡ ಹೇಳಿಕೊಡ್ತೀನಿ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬಗ್ಗೆ ವಿಮರ್ಶೆ ಬರೆಯಿರಿ ಅಂದರೆ ಮೊದಲ ಕರಡಿನಲ್ಲಿ ಬರೋದು ಬರೀ ಕಥೆ: ಬಡತನ, ಮಸಾಲೆ ವ್ಯಾಪಾರ, ದುಡ್ಡು. ಕಥೆ ಹೇಳುವ ಸಾಲುಗಳನ್ನೆಲ್ಲ ಹೊಡೆದುಹಾಕಿ ಅಂತೀನಿ.

ಹುಡುಗಿಯೊಬ್ಬಳ ಎರಡು ಪುಟದಲ್ಲಿ ಉಳಿದದ್ದು ಒಂದೇ ಸಾಲು: ‘ನಿರೂಪಕನಿಗೆ ಹೆಸರಿಲ್ಲ.’ ಮುಖ ಬಾಡಿತು. ‘ಯಾಕಿಲ್ಲ?’ ಅಂದೆ.

ಎರಡನೇ ಕರಡು ಅಲ್ಲಿಂದಲೇ ಶುರುವಾಯ್ತು: ಚಿಕ್ಕಪ್ಪನ ದುಡ್ಡಲ್ಲಿ ಬದುಕುವವನಿಗೆ ಸ್ವಂತ ದನಿಯಿಲ್ಲ, ಹೆಸರೂ ಇಲ್ಲ. ಸಾಕ್ಷಿಯನ್ನೂ ಪುಸ್ತಕದಿಂದಲೇ ತಂದಳು: ಕೆಲಸವಿಲ್ಲದೆ ಬರುವ ಸಂಬಳ, ಚಿಕ್ಕಪ್ಪನನ್ನು ಹುಡುಕಿ ಬಂದ ಹೆಂಗಸನ್ನು ಮನೆಯವರು ಬೈದು ಓಡಿಸಿದಾಗ ಅವನ ಮೌನ. ಸಾಕ್ಷಿ ಸಿಗದ ಕಡೆ ತನ್ನ ಮಾತನ್ನೇ ತಿದ್ದಿದಳು.

ಗೈಡಿನಲ್ಲಿ ಸಿಗದ್ದು ಇದೇ. ಪರೀಕ್ಷೆ ಮುಗಿದರೂ, ‘ನನಗೆ ಹೀಗನ್ನಿಸುತ್ತೆ, ಯಾಕಂದ್ರೆ...’ ಅನ್ನೋ ಧೈರ್ಯ ಉಳಿಯುತ್ತೆ.