ಅಂಗಳದಲ್ಲಿ ನಿಂತವರು, ಮನೆಯಲ್ಲಿ ಕುಳಿತವರು

ಭಾನುವಾರದ ಎರಡನೆಯ ಬಲಿಪೂಜೆಯ ಗಂಟೆ ಬಾರಿಸಿ ಹತ್ತು ನಿಮಿಷ ಕಳೆದ ಮೇಲೂ ನಮ್ಮ ದೇವಾಲಯಗಳ ಅಂಗಳದಲ್ಲಿ ಒಂದು ಗುಂಪು ಉಳಿದೇ ಇರುತ್ತದೆ. ಮರದ ನೆರಳು, ಬೈಕಿನ ಆಸನ, ಲೂರ್ದು ಮಾತೆಯ ಗವಿಯ ಕಟ್ಟೆ, ಇವು ಅವರ ಖಾಯಂ ಸ್ಥಾನಗಳು. ಧ್ವನಿವರ್ಧಕದಲ್ಲಿ ವಾಚನಗಳು ಕೇಳಿಸುತ್ತವೆ, ಪ್ರಬೋಧನೆಯೂ ಅರ್ಧಮರ್ಧ ಕಿವಿಗೆ ಬೀಳುತ್ತದೆ. ಪರಮಪ್ರಸಾದದ ಹೊತ್ತಿಗೆ ಕೆಲವರು ಒಳಗೆ ಬರುತ್ತಾರೆ. ಕೊನೆಯ ಆಶೀರ್ವಾದಕ್ಕೆ ಮುನ್ನವೇ ವಾಹನಗಳು ಹೊರಡುತ್ತವೆ. ಈ ಗುಂಪು ಹೊಸದಲ್ಲ, ನಮ್ಮ ಅಜ್ಜಂದಿರ ಕಾಲದಲ್ಲಿಯೂ ಇತ್ತು. ಹೊಸದಾದುದು ಮತ್ತೊಂದು: ಅಂಗಳಕ್ಕೂ ಬಾರದೆ ಮನೆಯಲ್ಲಿಯೇ ಕುಳಿತು ದೂರದರ್ಶನದಲ್ಲೋ ಮೊಬೈಲಿನಲ್ಲೋ ಬಲಿಪೂಜೆಯನ್ನು ‘ನೋಡಿ ಮುಗಿಸುವ’ವರ ಗುಂಪು.

ಇವರನ್ನು ಗದರಿಸಲು ನಾವು ಈ ಅಂಕಣವನ್ನು ಬರೆಯುತ್ತಿಲ್ಲ. 2020ರ ಆ ದಿನಗಳನ್ನು ಯಾರೂ ಮರೆತಿಲ್ಲ. ಮಾರ್ಚ್ 25ರಂದು ದೇಶವೇ ಬಾಗಿಲು ಹಾಕಿಕೊಂಡಿತು. ಏಪ್ರಿಲ್ 12ರ ಪಾಸ್ಖ ಹಬ್ಬದಂದು ದೇವಾಲಯಗಳ ಬಾಗಿಲಿಗೆ ಬೀಗವಿತ್ತು. ಅದಕ್ಕೂ ಮೊದಲು, ಮಾರ್ಚ್ 27ರ ಸಂಜೆ, ಮಳೆ ಸುರಿಯುತ್ತಿದ್ದ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸರು ಒಬ್ಬರೇ ನಡೆದುಹೋಗಿ ಪರಮಪ್ರಸಾದದಿಂದ ಲೋಕವನ್ನು ಆಶೀರ್ವದಿಸಿದ ದೃಶ್ಯವನ್ನು ನಾವೆಲ್ಲ ಪರದೆಯ ಮೇಲೆಯೇ ಕಂಡೆವು, ಕಣ್ಣು ತುಂಬಿಕೊಂಡೆವು. ಅಕ್ಕಿ ಡಬ್ಬಕ್ಕೆ ಮೊಬೈಲನ್ನು ಒರಗಿಸಿಟ್ಟು, ಅದರ ಪಕ್ಕದಲ್ಲಿ ಒಂದು ಮೇಣದ ಬತ್ತಿ ಹಚ್ಚಿ, ಮನೆಮಂದಿಯೆಲ್ಲ ನೆಲದ ಮೇಲೆ ಕುಳಿತು ಪ್ರಾರ್ಥಿಸಿದ ಕುಟುಂಬಗಳೆಷ್ಟೋ! ಆ ಪರದೆ ಆಗ ನಮಗೆ ದೇವರು ಕೊಟ್ಟ ಕಿಟಕಿಯೇ ಆಗಿತ್ತು.

ಮೊದಲ ವಾರಗಳಲ್ಲಿ ಎಲ್ಲರೂ ಸ್ನಾನ ಮಾಡಿ, ಒಳ್ಳೆಯ ಬಟ್ಟೆ ತೊಟ್ಟು ಕುಳಿತೆವು. ಎದ್ದು ನಿಲ್ಲುವಾಗ ನಿಂತೆವು, ಮೊಣಕಾಲೂರುವಾಗ ಊರಿದೆವು. ಒಂದೆರಡು ತಿಂಗಳಾಗುತ್ತಲೇ ಪ್ರಬೋಧನೆಯ ವೇಳೆಗೆ ಕಾಫಿ ಲೋಟ ಬಂದಿತು. ಬಳಿಕ ಕಾಣಿಕೆಯ ಹೊತ್ತಿಗೆ ಒಗ್ಗರಣೆಯ ಸದ್ದು. ಆಮೇಲೆ, ಬೆಳಿಗ್ಗೆ ಆಗದಿದ್ದರೆ ಸಂಜೆ ನೋಡಿದರಾಯಿತು, ಹೇಗೂ ಅದು ಅಲ್ಲಿಯೇ ಇರುತ್ತದೆ ಎಂಬ ಸಮಾಧಾನ. ಯಾರನ್ನೋ ಕುರಿತು ಹೇಳುತ್ತಿಲ್ಲ, ನಮ್ಮ ಮನೆಯ ಕತೆಯೇ ಇದು. ಜೂನ್ 8ರಿಂದ ಪೂಜಾಸ್ಥಳಗಳನ್ನು ತೆರೆಯಲು ಸರ್ಕಾರ ಅನುಮತಿ ನೀಡಿತು. ಬೀಗಗಳು ಒಂದೊಂದಾಗಿ ತೆರೆದವು. ಆದರೆ ಎಲ್ಲರೂ ಮರಳಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ರಕಟವಾದ ಪತ್ರವೊಂದರಲ್ಲಿ ರೋಮಿನ ದೈವಾರಾಧನೆಯ ಇಲಾಖೆಯು ಪ್ರಸಾರಗಳ ಉಪಕಾರವನ್ನು ಒಪ್ಪಿಕೊಂಡೇ, ಯಾವ ಪ್ರಸಾರವೂ ಖುದ್ದು ಪಾಲ್ಗೊಳ್ಳುವಿಕೆಗೆ ಸಮನಾಗದೆಂದು ಧರ್ಮಾಧ್ಯಕ್ಷರುಗಳಿಗೆ ನೆನಪಿಸಿತು.

ಸಮನಾಗದು ಏಕೆ? ನಮ್ಮ ಯುವಜನರು ಕೇಳುವ ಪ್ರಶ್ನೆ ಇದೇ, ಮತ್ತು ಅದು ಉಡಾಫೆಯ ಪ್ರಶ್ನೆಯಲ್ಲ. “ದೇವರು ಎಲ್ಲೆಡೆಯೂ ಇದ್ದಾರಲ್ಲವೇ? ಯೇಸುಸ್ವಾಮಿಯೇ ಸಮಾರ್ಯದ ಮಹಿಳೆಗೆ, ಆ ಬೆಟ್ಟವೂ ಬೇಡ, ಜೆರುಸಲೇಮೂ ಬೇಡ ಎಂದು ಹೇಳಲಿಲ್ಲವೇ?” ಸಂತ ಯೊವಾನ್ನರ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿರುವ ಆ ಸಂಭಾಷಣೆ ನಡೆದದ್ದು ಯಕೋಬನ ಬಾವಿಯ ಬಳಿ. ನೀರು ಸೇದಲು ಬಂದ ಆಕೆಯ ಪ್ರಶ್ನೆ ನಿಜವಾಗಿಯೂ ಸ್ಥಳದ ಕುರಿತಾದುದು: ನಮ್ಮ ಹಿರಿಯರು ಈ ಗೆರಿಜಿಮ್ ಬೆಟ್ಟದಲ್ಲಿ ಆರಾಧಿಸಿದರು, ಯೆಹೂದ್ಯರು ಜೆರುಸಲೇಮ್ ಎನ್ನುತ್ತಾರೆ, ಸರಿ ಯಾವುದು? ಪ್ರಭುವು ಅವಳ ಗಮನವನ್ನು ಸ್ಥಳದಿಂದ ಬಿಡಿಸಿ, ಪಿತನನ್ನು ಆತ್ಮದಲ್ಲಿಯೂ ಸತ್ಯದಲ್ಲಿಯೂ ಆರಾಧಿಸುವವರ ಕಡೆಗೆ ತಿರುಗಿಸಿದರು. ಆಮೇಲೆ ಆಕೆ ಮಾಡಿದ್ದೇನು? ಕೊಡವನ್ನು ಅಲ್ಲಿಯೇ ಬಿಟ್ಟು ಊರಿಗೆ ಓಡಿ, ಜನರನ್ನೆಲ್ಲ ಕರೆತಂದಳು. ಒಬ್ಬಂಟಿಯಾಗಿ ಬಂದವಳು ಒಂದು ಊರನ್ನೇ ಸೇರಿಸಿದಳು. ಶುಭಸಂದೇಶದ ಈ ಭಾಗ ನಮ್ಮ ವಾದಗಳಲ್ಲಿ ಸಾಮಾನ್ಯವಾಗಿ ಕಾಣಿಸುವುದಿಲ್ಲ.

ಅದೇ ಬಾವಿಯ ಸಮೀಪದ ಪಟ್ಟಣ, ಇಂದಿನ ನಾಬ್ಲುಸ್, ಅಂದಿನ ಫ್ಲಾವಿಯಾ ನೆಯಾಪೊಲಿಸ್. ಅಲ್ಲಿ ಹುಟ್ಟಿದವರು ಸಂತ ಜಸ್ಟಿನರು. ಹಲವು ತತ್ತ್ವಜ್ಞಾನಿಗಳ ಬಾಗಿಲು ತಟ್ಟಿ ಕಡೆಗೆ ಕ್ರಿಸ್ತನನ್ನು ಕಂಡುಕೊಂಡ ಇವರು ಸುಮಾರು ಕ್ರಿ.ಶ. 155ರಲ್ಲಿ ರೋಮಿನ ಚಕ್ರವರ್ತಿ ಆಂಟೊನಿನಸ್ ಪಯಸನಿಗೆ ಒಂದು ಬಿನ್ನಹವನ್ನು ಬರೆದರು. ಕ್ರೈಸ್ತರು ಗುಟ್ಟಾಗಿ ಏನೋ ಹೇಯವಾದುದನ್ನು ಮಾಡುತ್ತಾರೆಂಬ ವದಂತಿ ಅಂದು ಹಬ್ಬಿತ್ತು. ಇಲ್ಲ ಸ್ವಾಮಿ, ನಾವು ಮಾಡುವುದು ಇಷ್ಟೇ ಎಂದು ಜಸ್ಟಿನರು ವಿವರಿಸಿದ್ದಾರೆ. ಸೂರ್ಯನ ದಿನದಂದು ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಸೇರುತ್ತಾರೆ. ಪ್ರೇಷಿತರ ನೆನಪಿನ ಬರಹಗಳನ್ನು ಅಥವಾ ಪ್ರವಾದಿಗಳ ಗ್ರಂಥಗಳನ್ನು ಸಮಯವಿರುವಷ್ಟು ಓದಲಾಗುತ್ತದೆ. ಸಭೆಯ ಮುಂದಾಳು ಉಪದೇಶಿಸುತ್ತಾನೆ. ಎಲ್ಲರೂ ಎದ್ದು ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ, ನೀರು ಇವುಗಳನ್ನು ತರಲಾಗುತ್ತದೆ. ಮುಂದಾಳು ಕೃತಜ್ಞತಾಸ್ತುತಿ ಸಲ್ಲಿಸಿದಾಗ ಜನರು ‘ಆಮೆನ್’ ಎನ್ನುತ್ತಾರೆ. ಎಲ್ಲರಿಗೂ ಹಂಚಲಾಗುತ್ತದೆ. ಹದಿನೆಂಟು ಶತಮಾನಗಳಿಗೂ ಹಿಂದಿನ ಈ ವಿವರಣೆಯನ್ನು ಹಿಡಿದುಕೊಂಡು ಮುಂದಿನ ಭಾನುವಾರ ಯಾರಾದರೂ ನಮ್ಮ ಧರ್ಮಕೇಂದ್ರಕ್ಕೆ ಬಂದರೆ, ಯಾವುದು ಯಾವಾಗ ಎಂದು ಕೇಳುವ ಅಗತ್ಯವೇ ಅವರಿಗೆ ಬೀಳದು.

ಜಸ್ಟಿನರು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಸಭೆಗೆ ಬರಲಾಗದವರ ಪಾಲನ್ನು ಧರ್ಮಸೇವಕರು ಅವರ ಮನೆಗಳಿಗೆ ಕೊಂಡೊಯ್ಯುತ್ತಾರೆ ಎನ್ನುತ್ತಾರೆ. ಉಳ್ಳವರು ತಮಗೆ ತೋಚಿದಷ್ಟು ಕೊಡುತ್ತಾರೆ, ಬಲವಂತವಿಲ್ಲ. ಆ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಊರಿಗೆ ಬಂದ ಪರಸ್ಥಳದವರಿಗೆ ಸಲ್ಲುತ್ತದೆ. ನಾವು ಪುನಃ ಪುನಃ ಓದಿದ್ದು ಈ ಸಾಲುಗಳನ್ನೇ. ಆರಾಧನೆ ಎಲ್ಲಿ ಮುಗಿಯಿತು, ಪರೋಪಕಾರ ಎಲ್ಲಿ ಆರಂಭವಾಯಿತು ಎಂದು ತೋರಿಸುವ ಗೆರೆ ಅವುಗಳಲ್ಲಿ ಇಲ್ಲವೇ ಇಲ್ಲ. ಸುಮಾರು 165ರಲ್ಲಿ ಜಸ್ಟಿನರು ರೋಮಿನಲ್ಲಿ ರಕ್ತಸಾಕ್ಷಿಯಾದರು.

ಆರಾಧನಾವಿಧಿಗೆ ಗ್ರೀಕರಿಂದ ಬಂದ ಹೆಸರು ‘ಲಿತುರ್ಗಿಯ’. ಹಳೆಯ ಅಥೆನ್ಸಿನಲ್ಲಿ ಇದು ದೇವಾಲಯಕ್ಕೆ ಮಾತ್ರ ಸೇರಿದ ಮಾತಾಗಿರಲಿಲ್ಲ. ಅನುಕೂಲಸ್ಥ ನಾಗರಿಕನು ಸ್ವಂತ ಹಣದಿಂದ ನಗರಕ್ಕಾಗಿ ಒಂದು ಯುದ್ಧನೌಕೆಯನ್ನು ಸಜ್ಜುಗೊಳಿಸಿದರೆ, ಹಬ್ಬದ ನಾಟಕಕ್ಕೆ ಮೇಳವನ್ನು ಸಾಕಿದರೆ ಅದು ಲಿತುರ್ಗಿಯ, ಅಂದರೆ ಜನರಿಗಾಗಿ ಮಾಡುವ ಕೆಲಸ. ನಮ್ಮ ಕನ್ನಡದ ‘ಬಲಿಪೂಜೆ’ ಎಂಬ ಮಾತಿನಲ್ಲಿಯೂ ನೋಡುವುದಕ್ಕಿಂತ ಕೊಡುವುದೇ ಮುಖ್ಯ. ಪರದೆಯ ಮುಂದೆ ಕುಳಿತವನು ಏನನ್ನು ಕೊಟ್ಟಾನು? ಪಕ್ಕದವನ ಕೆಮ್ಮನ್ನು ಸಹಿಸಬೇಕಾಗಿಲ್ಲ, ಹಿಂದಿನ ಸಾಲಿನ ಮಗುವಿನ ಅಳುವನ್ನು ಕೇಳಬೇಕಾಗಿಲ್ಲ, ಕಳೆದ ತಿಂಗಳು ಆಸ್ತಿಯ ಗೆರೆಗಾಗಿ ಜಗಳವಾಡಿದ ದಾಯಾದಿಗೆ ಶಾಂತಿ ಕೋರಿ ಕೈಮುಗಿಯಬೇಕಾಗಿಲ್ಲ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಸೋದರನೊಂದಿಗೆ ರಾಜಿಯಾಗಿ ಬರಬೇಕೆಂದು ಕ್ರಿಸ್ತನು ಬೋಧಿಸಿದ್ದು ಸಂತ ಮತ್ತಾಯರ ಶುಭಸಂದೇಶದಲ್ಲಿದೆ. ಆ ಸೋದರನು ಎದುರಿಗೆ ಕಾಣದಿದ್ದರೆ ರಾಜಿಯ ನೆನಪೂ ಬರುವುದಿಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆ ಹೋರಾಡಿದ್ದೂ ಇದೇ ‘ನೋಡುವ’ ರೋಗದ ವಿರುದ್ಧ. 1963ರ ಡಿಸೆಂಬರ್ 4ರಂದು 2147 ಪರ ಮತಗಳಿಂದ, ಕೇವಲ 4 ವಿರೋಧ ಮತಗಳೊಂದಿಗೆ, ದೈವಾರಾಧನೆಯ ಸಂವಿಧಾನವು ಅಂಗೀಕಾರವಾಯಿತು. ವಿಶ್ವಾಸಿಗಳು ಬಲಿಪೂಜೆಯಲ್ಲಿ ಹೊರಗಿನವರಂತೆ, ಮೂಕ ಪ್ರೇಕ್ಷಕರಂತೆ ಇರಬಾರದೆಂಬುದು ಅದರ ಕಳಕಳಿ. ಅದಕ್ಕೆ ಮುನ್ನ ಗುರುಗಳು ಬಲಿಪೀಠದ ಕಡೆ ಮುಖಮಾಡಿ ಲತೀನಿನಲ್ಲಿ ಪ್ರಾರ್ಥಿಸುತ್ತಿದ್ದರು; ಜನರು ಹಿಂದೆ ತಮ್ಮ ಪಾಡಿಗೆ ಜಪಸರ ಮಾಡುತ್ತಿದ್ದರು. ಅವರ ಭಕ್ತಿಯನ್ನು ಅಳೆಯುವ ಯೋಗ್ಯತೆ ನಮಗಿಲ್ಲ. ಮುಂಜಾನೆಯ ಕತ್ತಲಲ್ಲಿ ಮೈಲುಗಟ್ಟಲೆ ನಡೆದು ಬರುತ್ತಿದ್ದವರು ಅವರು. ಆದರೂ ಕನ್ನಡ, ಕೊಂಕಣಿ, ತಮಿಳು ಮಾತೃಭಾಷೆಯ ಮಂದಿ ಪರಮ ರಹಸ್ಯವನ್ನು ತಮ್ಮ ನುಡಿಯಲ್ಲಿ ಕೇಳಿ, ತಮ್ಮ ನುಡಿಯಲ್ಲಿ ಉತ್ತರಿಸಲು ತೊಡಗಿದ್ದು ಸಣ್ಣ ಸಂಗತಿಯಲ್ಲ.

ನಮ್ಮ ನಾಡಿಗೆ ಇದರಲ್ಲಿ ವಿಶೇಷ ಪಾತ್ರವಿದೆ. ಫಾದರ್ ಡಿ.ಎಸ್. ಅಮಲೋರ್ಪವದಾಸರು 1967ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಹಾಗೂ ದೈವಾರಾಧನಾ ಕೇಂದ್ರವು ಭಾರತದ ಆರಾಧನೆಗೆ ಭಾರತೀಯ ಮೈಕಟ್ಟನ್ನು ಕೊಡಲು ಶ್ರಮಿಸಿತು. 1969ರ ಏಪ್ರಿಲ್ 25ರಂದು ರೋಮ್ ಹನ್ನೆರಡು ಅಂಶಗಳಿಗೆ ಒಪ್ಪಿಗೆ ನೀಡಿತು: ಪಾದರಕ್ಷೆ ಕಳಚುವುದು, ನೆಲದ ಮೇಲೆ ಕುಳಿತುಕೊಳ್ಳುವುದು, ಅಂಜಲಿ ಹಸ್ತ, ಪಂಚಾಂಗ ಪ್ರಣಾಮ, ಮೇಣದ ಬತ್ತಿಗಳ ಬದಲು ಎಣ್ಣೆಯ ದೀಪ, ಆರತಿ ಮೊದಲಾದವು. ಇದು ಪರಧರ್ಮದ ಅನುಕರಣೆ ಎಂದು ಸಿಡಿಮಿಡಿಗೊಂಡವರೂ ಇದ್ದರು. ಅಮಲೋರ್ಪವದಾಸರು ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮವನ್ನು ಸ್ಥಾಪಿಸಿ, 1990ರಲ್ಲಿ ರಸ್ತೆ ಅಪಘಾತದಲ್ಲಿ ನಿಧನರಾದರು. ಇಂದು ಹಬ್ಬದ ಬಲಿಪೂಜೆಯಲ್ಲಿ ಆರತಿ ಎತ್ತುವ ಹೆಣ್ಣುಮಕ್ಕಳಿಗೆ ಇಷ್ಟು ಇತಿಹಾಸ ತಿಳಿದಿರಲಿಕ್ಕಿಲ್ಲ. ತಟ್ಟೆ ಹಿಡಿದ ಅವರ ಕೈಗಳಿಗೆ ಮಾತ್ರ ಭಕ್ತಿ ಚೆನ್ನಾಗಿ ತಿಳಿದಿದೆ.

ಹೀಗೆ ಭಾಷೆ ಬಂತು, ದೀಪ ಬಂತು. ಆದರೂ ಜನರು ಅಂಗಳದಲ್ಲಿ ಏಕೆ ನಿಲ್ಲುತ್ತಾರೆ? ತಪ್ಪೆಲ್ಲವೂ ಅವರದೇ ಎನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಗಾಯನ ತಂಡದವರು ಸಭೆಗೆ ಗೊತ್ತಿಲ್ಲದ ಹೊಸ ರಾಗಗಳನ್ನೇ ಹಾಡುತ್ತ ಹೋದರೆ ಸಭೆ ಪುನಃ ಮೂಕವಾಗುತ್ತದೆ. ಪ್ರಬೋಧನೆಗಿಂತ ಪ್ರಕಟಣೆಗಳು ಉದ್ದವಾಗುವುದೂ ಉಂಟು. ಪರಮಪ್ರಸಾದವಾದ ಮೇಲಿನ ಒಂದು ನಿಮಿಷದ ಮೌನವನ್ನು ಧ್ವನಿವರ್ಧಕ ನುಂಗಿಹಾಕುತ್ತದೆ. ಪೋಪ್ ಫ್ರಾನ್ಸಿಸರು 2022ರ ಜೂನ್ 29ರಂದು ಆರಾಧನೆಯ ತರಬೇತಿಯನ್ನು ಕುರಿತು ಬರೆದ ಪತ್ರದಲ್ಲಿ ಮೌನಕ್ಕೆ ವಿಶೇಷ ಸ್ಥಾನ ಕೊಟ್ಟಿದ್ದಾರೆ; ನಮ್ಮಲ್ಲಿ ಮೌನವೆಂದರೆ ಮೈಕು ಕೆಟ್ಟಿದೆ ಎಂದೇ ಭಾವನೆ!

ಇದಕ್ಕಿಂತ ಆಳವಾದ ಗಾಯವೊಂದಿದೆ. ಕೊರಿಂಥದಲ್ಲಿ ಉಳ್ಳವರು ಮೊದಲೇ ಬಂದು ಉಂಡು ತೇಗುತ್ತಿದ್ದರು, ದುಡಿದು ದಣಿದು ತಡವಾಗಿ ಬಂದವರು ಹಸಿದಿರುತ್ತಿದ್ದರು. ಇದು ಪ್ರಭು ಭೋಜನವೇ ಅಲ್ಲವೆಂದು ಸಂತ ಪೌಲರು ಖಂಡಿಸಿ ಬರೆದರು. ಅಷ್ಟು ದೂರವೇಕೆ? ತಮಿಳುನಾಡಿನ ವಡಕ್ಕನ್‌ಕುಳಂ ದೇವಾಲಯದೊಳಗೆ ಮೇಲ್ಜಾತಿಯವರನ್ನೂ ಉಳಿದವರನ್ನೂ ಬೇರ್ಪಡಿಸುವ ಗೋಡೆಯೇ ಇತ್ತು. ಅದನ್ನು ಕೆಡವಿದ್ದು 1910ರಲ್ಲಿ. ಇಂದು ಅಂಥ ಗೋಡೆಗಳು ಕಾಣುವುದಿಲ್ಲ ನಿಜ. ಆದರೆ ಹಬ್ಬದ ದಿನ ಮುಂದಿನ ಸಾಲಿನ ಬೆಂಚುಗಳು ಯಾರಿಗೆ ಮೀಸಲಾಗುತ್ತವೆ? ಮನೆಗೆಲಸ ಮುಗಿಸಿ ಓಡೋಡಿ ಬರುವ ತಾಯಿಗೆ ಬಾಗಿಲ ಬಳಿಯಲ್ಲದೆ ಬೇರೆಡೆ ಕುಳಿತುಕೊಳ್ಳಲು ಯಾರು ಜಾಗ ಬಿಡುತ್ತಾರೆ? ಅಂಗಳದ ಗುಂಪಿನಲ್ಲಿ ಸೋಮಾರಿಗಳಿರುವಂತೆ, ಒಳಗೆ ತಮಗೆ ಸ್ಥಳವಿಲ್ಲವೆಂದು ಎಂದೋ ತೀರ್ಮಾನಿಸಿಕೊಂಡವರೂ ಇದ್ದಾರೆ. ಅವರ ಹೆಗಲ ಮೇಲೆ ಕೈಯಿಟ್ಟು ಒಳಗೆ ಕರೆದುಕೊಂಡು ಬರಲು ಗುರುಗಳೇ ಬೇಕೆಂದಿಲ್ಲ.

304ರಲ್ಲಿ, ಈಗಿನ ಟ್ಯುನೀಸಿಯದ ಅಬಿತಿನೇ ಎಂಬಲ್ಲಿ, ಚಕ್ರವರ್ತಿಯ ನಿಷೇಧವನ್ನು ಮೀರಿ ಒಂದು ಮನೆಯಲ್ಲಿ ಭಾನುವಾರದ ಬಲಿಪೂಜೆಗೆ ಸೇರಿದ್ದ 49 ಮಂದಿಯನ್ನು ಸೆರೆಹಿಡಿದು ಕಾರ್ಥೇಜಿಗೆ ಒಯ್ದರು. ಮನೆಗೆ ಬಂದವರನ್ನು ತಡೆಯಲಿಲ್ಲವೇಕೆ ಎಂದು ಅಧಿಕಾರಿ ಕೇಳಿದಾಗ ಎಮೆರಿತುಸ್ ಎಂಬುವನು, ಪ್ರಭುವಿನ ದಿನದ ಈ ಕೂಟವಿಲ್ಲದೆ ನಾವು ಬದುಕಲಾರೆವು ಎಂಬರ್ಥದ ಉತ್ತರ ಕೊಟ್ಟನು. ನಾವೂ 2020ರಲ್ಲಿ ಕೆಲವು ವಾರ ಹಾಗೆಯೇ ಹೇಳಿದ್ದೆವು.

ಹಾಸಿಗೆ ಹಿಡಿದವರು, ಅವರ ಆರೈಕೆಯಲ್ಲಿರುವವರು, ಭಾನುವಾರವೂ ಆಸ್ಪತ್ರೆಯ ಪಾಳಿಯಲ್ಲಿ ನಿಲ್ಲುವ ದಾದಿಯರು, ಇವರು ಬರಲಿಲ್ಲವೆಂದು ಮರುಗಬೇಕಾಗಿಲ್ಲ. ಪರದೆಯ ಬಲಿಪೂಜೆ ಅವರಿಗೆ ನಿಜವಾದ ಆಸರೆ. ಆದರೆ ಅವರಿಗೆ ಅದಷ್ಟೇ ಸಾಕೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಜಸ್ಟಿನರ ಕಾಲದ ಧರ್ಮಸೇವಕರು ಮಾಡಿದ್ದನ್ನು ಇಂದು ಗುರುಗಳೂ, 1973ರಿಂದ ಅದಕ್ಕಾಗಿ ನೇಮಿತರಾದ ಕನ್ಯಾಸ್ತ್ರೀಯರೂ ಶ್ರೀಸಾಮಾನ್ಯರೂ ಮಾಡಬಹುದು. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಧರ್ಮಕೇಂದ್ರದ ಕಛೇರಿಯಲ್ಲಿ ಹೆಸರು ಬರೆಸಿರಿ. ಪರಮಪ್ರಸಾದ ತರುವ ದಿನ ಹಾಸಿಗೆಯ ಬಳಿ ಒಂದು ಸಣ್ಣ ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ ಶಿಲುಬೆಯನ್ನಿಡಿ, ದೀಪ ಹಚ್ಚಿಡಿ, ಒಂದು ಲೋಟ ನೀರಿರಲಿ. ಮಕ್ಕಳು ಬಾಗಿಲಿಗೆ ಹೋಗಿ ಕೈಮುಗಿದು ಬರಮಾಡಿಕೊಳ್ಳಲಿ. ದೂರದರ್ಶನವನ್ನು ಆರಿಸಿರಿ. ಮೊಮ್ಮಗಳು ಆ ದಿನದ ಶುಭಸಂದೇಶವನ್ನು ಸ್ವಲ್ಪ ಗಟ್ಟಿಯಾಗಿ ಓದಲಿ, ಅಜ್ಜಿಗೆ ಕಿವಿ ಮಂದ.